ಭರಣಿಯ ಗಂಟು

ನಮ್ಮೂರು ನಾರುತ್ತದೆ ಎಂದು ನನಗೆ ಮೊದಲು ಹೇಳಿದ್ದು ಹೊರಗಿನ ಒಬ್ಬ ಲಾರಿ ಡ್ರೈವರ್. ನಾನು ಕೆಲಸ ಮಾಡುವ ಗಾಳಿಮನೆಗೆ ಶಮನಿಯ ಡ್ರಮ್ಮುಗಳನ್ನು ತಂದಿದ್ದ. ಮುಖಕ್ಕೆ ಒದ್ದೆ ಟವೆಲ್ ಬಿಗಿದುಕೊಂಡೇ ಕೆಳಗಿಳಿದ.

"ಏನ್ ಮೇಡಂ, ಚರಂಡಿ ಯಾವ ಕಾಲದಲ್ಲಿ ತೊಳೆಸಿದ್ದು? ನಿಮ್ಮ ಗೇಟಿನ ಹಿಂದೆ ಏನೋ ಸತ್ತು ಬಿದ್ದಿದೆ. ಗೊತ್ತೇ ಆಗಲ್ವಾ?"

"ಕಂಡಿದ್ರೆ ಎತ್ತಿಸ್ತಿದ್ವಿ," ಎಂದೆ.

"ಕಾಣ್ಬೇಕಾ? ಸೇತುವೆ ಮೇಲಿಂದಾನೇ ಹೇಳಬಹುದು."

ಅವನ ಮಾತು ಅರ್ಥವಾಯಿತು, ಅಷ್ಟೇ. ಕುರುಡರಿಗೆ ಕೆಂಪು ಬಣ್ಣ ಎಂದರೆ ಎಷ್ಟು ಅರ್ಥವಾಗುತ್ತದೋ ಅಷ್ಟು. ನನಗೆ ಇಪ್ಪತ್ತೊಂದು ವರ್ಷ. ತೊರೆಮುಖದಲ್ಲಿ ನನ್ನ ವಯಸ್ಸಿನ ಯಾರೂ ಯಾವುದರ ವಾಸನೆಯನ್ನೂ ಬಲ್ಲವರಲ್ಲ. ನಾವು ಹಾಲನ್ನು ನಾಲಗೆಯ ತುದಿಗೆ ತಾಗಿಸಿ ಒಡೆದಿದೆಯೋ ಇಲ್ಲವೋ ನೋಡುತ್ತೇವೆ. ಗ್ಯಾಸ್ ಸೋರಿದರೆ ಒಲೆಗೆ ಸಿಕ್ಕಿಸಿದ ಸೀಟಿ ಕೂಗುತ್ತದೆ. ಹೂವನ್ನು ಬಣ್ಣ ನೋಡಿ ಕೊಳ್ಳುತ್ತೇವೆ. ಪ್ಲಾಸ್ಟಿಕ್ ಮಲ್ಲಿಗೆ ಬಂದ ಮೇಲೆ ನಿಜವಾದದ್ದನ್ನು ಮಾರುವುದೂ ನಿಂತುಹೋಯಿತು. ಬಾಡದ ಹೂವಿಗೆ ಬದಲಾಗಿ ಬಾಡುವ ಹೂವು ಯಾರಿಗೆ ಬೇಕು?

ಶಾಲೆಯ ಪುಸ್ತಕದಲ್ಲಿ 'ಆ ವರ್ಷ' ಎಂಬ ಪಾಠವಿತ್ತು. ಎರಡೇ ಪುಟ. ಪರೀಕ್ಷೆಗೆ ಬರುತ್ತಿರಲಿಲ್ಲ. ಊರಲ್ಲಿ ಎರಡು ಪಂಗಡದ ಜನ ಇದ್ದರು. ಹೊಳೆ ಸಮುದ್ರ ಸೇರುವಲ್ಲಿ ಉಪ್ಪು ಬೆಳೆಯುತ್ತಿದ್ದ ಆಗರದವರು, ಮೇಲಿನ ಏರಿನಲ್ಲಿದ್ದ ದಿಬ್ಬದವರು. ಮುಖ ಒಂದೇ, ಮಾತು ಒಂದೇ, ದೇವರೂ ಒಂದೇ. ಒಲೆ ಮಾತ್ರ ಬೇರೆ. ದಿಬ್ಬದವರ ಒಗ್ಗರಣೆ ಹುಚ್ಚೆಳ್ಳೆಣ್ಣೆಯದು. ಆಗರದವರು ಸಣ್ಣ ಮೀನನ್ನು ಉಪ್ಪು, ಮುರುಗಲ ಹುಳಿಯ ಜೊತೆ ಪದರ ಪದರವಾಗಿ ಪಿಂಗಾಣಿ ಭರಣಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ತಿಂಗಳುಗಟ್ಟಲೆ ಹಣ್ಣಾಗಲು ಬಿಡುತ್ತಿದ್ದರು. ಕೊಲ್ಲಲು ಹೊರಟ ದಿಬ್ಬದವರಿಗೆ ಯಾರು ಯಾರೆಂದು ಬೇರ್ಪಡಿಸಲು ಸಿಕ್ಕಿದ ದಾರಿ ಇದೊಂದೇ. ಸಂಜೆ ಅಡುಗೆಯ ಹೊತ್ತಿಗೆ ಮೂಸುವವರು ಬರುತ್ತಿದ್ದರು. ಹಿತ್ತಿಲ ಗೋಡೆಗೆ ಮುಖ ಒಡ್ಡಿ ನಿಲ್ಲುತ್ತಿದ್ದರು. ಅವರು ತಲೆಯಾಡಿಸಿದ ಮನೆಗೆ ಹಿಂದಿನಿಂದ ಉಳಿದವರು ಬರುತ್ತಿದ್ದರು.

ಮುಗಿದ ಮೇಲೆ, ಹೊರಗಿನವರು ಬಂದು ಮಾಡಿಸಿದ ಒಪ್ಪಂದದಲ್ಲಿ ನಾಲ್ಕು ಮಾತುಗಳಿದ್ದವು. ಯಾರು ಯಾವ ಕಡೆಯವರೆಂದು ಕೇಳಬಾರದು, ಹೇಳಬಾರದು. ಮನೆಗಳನ್ನೆಲ್ಲ ಕಲಸಿ ಹೊಸದಾಗಿ ಹಂಚಬೇಕು. ಹುಟ್ಟುವ ಮಕ್ಕಳಿಗೆ ಎರಡೂ ಕಡೆಯವಲ್ಲದ ಹೆಸರಿಡಬೇಕು. ನಾಲ್ಕನೆಯದು ಶಮನಿ. ಮೂರನೆಯ ಮಾತಿನಿಂದಾಗಿ ನಮ್ಮ ಪೀಳಿಗೆಗೆಲ್ಲ ನಕ್ಷತ್ರಗಳ ಹೆಸರು. ನಾನು ಧನಿಷ್ಠಾ. ನಮ್ಮ ತರಗತಿಯಲ್ಲಿ ಏಳು ಮಘಾ ಇದ್ದರು.

ಶಮನಿ ಕೆಲಸ ಮಾಡುವ ಬಗೆ ಸರಳ. ಮೂಗಿನ ಒಳಗೋಡೆಯಲ್ಲಿ ವಾಸನೆಗೆ ಹೊಂದುವ ಬೀಗಗಳಿವೆ. ಶಮನಿಯ ಕಣ ಅವುಗಳಲ್ಲಿ ತಪ್ಪು ಕೀಲಿಯ ಹಾಗೆ ಹೋಗಿ ಸಿಕ್ಕಿಕೊಂಡು ಅಲ್ಲೇ ಕೂರುತ್ತದೆ. ಒಂದು ದಿನ ಬಂದು ಹೋಗುವವರಿಗೆ ತಾಗುವುದಿಲ್ಲ, ದಿನಾ ಉಸಿರಾಡುವವರಿಗೆ ಬಿಡುವುದಿಲ್ಲ. ಬೆಳಗಿನ ಜಾವ ಗಾಳಿ ನೆಲಕ್ಕೆ ಅಂಟಿಕೊಂಡಿರುವಾಗ ಊರ ಸುತ್ತಲಿನ ಕಂಬಗಳಿಂದ ಅದನ್ನು ಮಂಜಾಗಿ ಬಿಡುತ್ತೇವೆ. ಗಾಳಿಯ ದಿಕ್ಕು ನೋಡಿ ಯಾವ ಕಂಬಕ್ಕೆ ಎಷ್ಟು ಎಂದು ಹೇಳುವುದು ಗಾಳಿಮನೆಯ ನಿಯಂತ್ರಣ ಕೋಣೆಯಲ್ಲಿ ಕೂರುವ ನನ್ನ ಕೆಲಸ.

ಈಗ ಆ ಕೆಲಸ ಮುಗಿಯುತ್ತಿದೆ. ಈ ಮಳೆಗಾಲದ ಕೊನೆಗೆ ಶಮನಿ ನಿಲ್ಲಿಸುವುದೆಂದು ಊರ ಸಭೆ ತೀರ್ಮಾನಿಸಿತು. ಆಮೇಲೆ ಕೇಳಬಾರದು, ಹೇಳಬಾರದು ಎಂಬ ಮಾತೂ ಇಲ್ಲ. ಬೇಕಾದವರು ಬೇಕಾದ ಕಡೆಯ ಹೆಸರು ಇಟ್ಟುಕೊಳ್ಳಬಹುದು.

"ಈ ವಾರದಿಂದ ಮುಕ್ಕಾಲು," ಎಂದರು ರುಕ್ಮಾಂಗದ ಸರ್. ಒಪ್ಪಂದದ ಸಮಯದಲ್ಲಿ ಹೊರಗಿನಿಂದ ಬಂದ ರಸಾಯನಶಾಸ್ತ್ರಜ್ಞ ಅವರು. ಶಮನಿಯನ್ನು ಹದಮಾಡಿದ ತಂಡದಲ್ಲಿ ಈಗ ಉಳಿದಿರುವುದು ಅವರೊಬ್ಬರೇ. "ಮುಂದಿನ ತಿಂಗಳು ಅರ್ಧ. ಒಂದೇ ಸಲ ಬಿಟ್ಟರೆ ಜನ ತಲೆತಿರುಗಿ ಬೀಳ್ತಾರೆ."

"ಚರಂಡಿಗಾ ಸರ್?"

"ಮೊದಲು ಚರಂಡಿಗೆ. ಆಮೇಲೆ ಒಬ್ಬರ ವಾಸನೆಗೆ ಒಬ್ಬರು." ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಅವರು ಯಾವಾಗಲೂ ನಿದ್ದೆಗೆಟ್ಟವರ ಹಾಗೆಯೇ ಇರುತ್ತಿದ್ದರು. ಇಡೀ ಊರೇ ಹಾಗಿತ್ತು.

*

ನನ್ನ ಜೊತೆ ಕೆಲಸ ಮಾಡುತ್ತಿದ್ದವನು ಪುನರ್ವಸು. ಕಂಬ ಹತ್ತಿ ಮಂಜಿನ ಕೊಳವೆ ಬಿಡಿಸಿ ತೊಳೆಯುವ ಮೆಕ್ಯಾನಿಕ್. ಅವನು ಮಕ್ಕಳಮನೆಯಲ್ಲಿ ಬೆಳೆದವನು. ಆ ವರ್ಷದ ಕೊನೆಗೆ ಯಾವುದೋ ದೋಣಿಯಲ್ಲಿ ಸಿಕ್ಕಿದ ಹಸುಗೂಸು. ರಜೆ ಸಿಕ್ಕಿದಾಗಲೆಲ್ಲ ಲಾಂಚ್ ಹತ್ತಿ ಕಡಲ ಮೂಲೆಯ ಕೋಡಿಗೆ ಹೋಗುತ್ತಿದ್ದ. ಕೋಡಿಯಲ್ಲಿ ಒಪ್ಪಂದಕ್ಕೆ ಸಹಿ ಹಾಕದೆ ಉಳಿದ ಆಗರದ ಕೆಲವು ಮುದುಕರಿದ್ದರು. ಕಡಲಗಾಳಿ ನಮ್ಮ ಮಂಜನ್ನು ಅಲ್ಲಿಗೆ ಬಿಡುತ್ತಿರಲಿಲ್ಲ. ಅಲ್ಲಿ ನಾಲ್ಕೈದು ದಿನ ಇದ್ದರೆ ಮೂಗು ಬಿಟ್ಟು ವಾಸನೆ ಹತ್ತುತ್ತದೆ.

ನಮ್ಮ ವಯಸ್ಸಿನವರು ಅಲ್ಲಿ ಒಂದು ಪದ್ಧತಿ ಹುಟ್ಟಿಸಿಕೊಂಡಿದ್ದರು. ಅದಕ್ಕೆ 'ಗಂಟಲು ನೋಡುವುದು' ಎನ್ನುತ್ತಿದ್ದರು. ಮೂಗು ಬಿಟ್ಟ ಮೇಲೆ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಕೂರಬೇಕು. ಎದುರಿಗೆ ಮೀನಿನ ಭರಣಿ ತೆರೆಯುತ್ತಾರೆ. ಎಲ್ಲರೂ ನಿನ್ನ ಗಂಟಲನ್ನೇ ನೋಡುತ್ತಾರೆ. ಬಾಯಲ್ಲಿ ನೀರೂರಿ ಗಂಟಲು ನುಂಗಿದರೆ ನೀನು ಆಗರದ ರಕ್ತ. ಹೊಟ್ಟೆ ತೊಳಸಿದರೆ ದಿಬ್ಬದವ. ನಾಲಗೆ ಸುಳ್ಳು ಹೇಳಬಹುದು, ಗಂಟಲು ಹೇಳುವುದಿಲ್ಲ ಎಂಬ ನಂಬಿಕೆ.

ವಸು ಎರಡು ವರ್ಷಗಳ ಹಿಂದೆ ಕೂತಿದ್ದ. ಮುಚ್ಚಳ ಪೂರ್ತಿ ತೆರೆಯುವ ಮೊದಲೇ ಅಂಗಳದ ತುಂಬ ಕಕ್ಕಿದ್ದ. ಅಂದಿನಿಂದ ರಜೆಗೆ ಹೋದಾಗಲೆಲ್ಲ ಆ ಮುದುಕರಿಗೆ ಕೆಳಗಿನ ಬಾವಿಯಿಂದ ಗುಡ್ಡದ ಮೇಲಕ್ಕೆ ನೀರು ಹೊರುತ್ತಿದ್ದ. ಹೊರು ಎಂದು ಯಾರೂ ಹೇಳಿರಲಿಲ್ಲ.

"ನಮ್ಮವರು ಮಾಡಿದ್ದಕ್ಕೆ ಇಷ್ಟಾದ್ರೂ ಬೇಡ್ವಾ?" ಎನ್ನುತ್ತಿದ್ದ. ಅವನ ಭುಜದಲ್ಲಿ ಕೊಡದ ಅಂಚು ಕೂರುವಲ್ಲಿ ಚರ್ಮ ಕಪ್ಪಾಗಿ ದಪ್ಪಗಾಗಿತ್ತು.

"ನೀನು ಆಗ ಹುಟ್ಟಿದ್ದೆಯಾ ಮಾರಾಯ?"

"ಹುಟ್ಟಿರಲಿಲ್ಲ. ಹೊರೋಕೆ ಹುಟ್ಟಿದೀನಲ್ಲ ಈಗ."

"ನೀನು ನೀರು ಹೊರ್ತಿರೋದು ಅವರಿಗಾ, ನಿನ್ನ ಮುಖ ತೊಳ್ಕೊಳ್ಳೋಕಾ?"

ಅವನು ನಗಲಿಲ್ಲ. "ನೀನು ಒಂದ್ಸಲ ಬಂದು ಕೂತ್ಕೊಂಡು ಆಮೇಲೆ ತಮಾಷೆ ಮಾಡು ಧನು."

ನನಗೂ ತಿಳಿಯಬೇಕಿತ್ತು. ನಮ್ಮಮ್ಮನನ್ನು ಕೇಳುವಂತಿರಲಿಲ್ಲ. ಒಪ್ಪಂದ ಇರದಿದ್ದರೂ ಕೇಳಲು ಆಗುತ್ತಿರಲಿಲ್ಲವೇನೋ. ಅಮ್ಮ ಮಾತಿನವಳಲ್ಲ. ಅಪ್ಪ ಒಪ್ಪಂದದ ವರ್ಷವೇ ಊರು ಬಿಟ್ಟವನು, ತಿರುಗಿ ಬರಲಿಲ್ಲ. ಅಮ್ಮ ಸಭೆಯ ಅಡುಗೆಮನೆಯಲ್ಲಿ ಕೆಲಸಕ್ಕೆ ಹೋಗುತ್ತಾಳೆ, ಬಂದು ಮಲಗುತ್ತಾಳೆ. ಅವಳದೊಂದು ವಿಚಿತ್ರವಿತ್ತು. ನಮ್ಮ ಮನೆಯಲ್ಲಿ ಎಲ್ಲವೂ ಗಾಜಿನ ಬಾಟಲಿಯಲ್ಲಿ, ಉಪ್ಪಿನಕಾಯಿ ಕೂಡ. ಒಮ್ಮೆ ಸಂತೆಯಿಂದ ನಾನು ಚಂದದ ಕಂದು ಪಿಂಗಾಣಿ ಭರಣಿ ತಂದಿದ್ದೆ. ಮಾರನೆಯ ದಿನ ಅದು ಪಕ್ಕದ ಮನೆಯವರ ಕಟ್ಟೆಯ ಮೇಲಿತ್ತು. "ಒಳಗೇನಿದೆ ಅಂತ ಕಾಣಲ್ಲ," ಎಂದಳು ಅಷ್ಟೇ.

*

ಕೋಡಿಯಲ್ಲಿ ನನಗೆ ಮೊದಲು ಬಡಿದದ್ದು ನನ್ನದೇ ಕಂಕುಳು. ಐದನೆಯ ದಿನ ಬೆಳಿಗ್ಗೆ ಕೈ ಎತ್ತಿ ಕೂದಲು ಕಟ್ಟುವಾಗ ಯಾರೋ ಹತ್ತಿರ ಬಂದು ನಿಂತಂತಾಗಿ ಬೆಚ್ಚಿದೆ. ವಸು ಬಿದ್ದು ಬಿದ್ದು ನಕ್ಕ. "ಬಂತಾ! ಎಲ್ಲರಿಗೂ ಅದೇ ಮೊದಲು ಬರೋದು."

ಆಮೇಲೆ ಒಂದೊಂದೇ ಬಂದವು. ತೆಂಗಿನ ಹಗ್ಗ, ಹೊಗೆ, ಒದ್ದೆ ಮರಳು. ಅವಕ್ಕೆ ನನ್ನ ಹತ್ತಿರ ಹೆಸರುಗಳಿರಲಿಲ್ಲ. ಹಗ್ಗ ಹಳದಿ ಎಂದೆ, ಹೊಗೆ ನೇರಳೆ ಎಂದೆ. ತಲೆನೋವು ಬಂದು ಮಧ್ಯಾಹ್ನ ಮಲಗಿದೆ. ಜಗತ್ತು ಇಷ್ಟು ಗದ್ದಲದ್ದೆಂದು ಯಾರೂ ಹೇಳಿರಲಿಲ್ಲ.

ನಾವಿದ್ದದ್ದು ಹೊನ್ನಜ್ಜಿಯ ಮನೆಯಲ್ಲಿ. ಕೋಡಿಯಲ್ಲಿ ಈಗಲೂ ಭರಣಿ ಹಾಕುವವರಲ್ಲಿ ಅವಳೇ ಹಿರಿಯಳು. ಮೊದಮೊದಲು ಹುಡುಗರ ಈ ಗಂಟಲು ನೋಡುವ ಆಟಕ್ಕೆ "ಹುಚ್ಚು ಮುಂಡೇವು" ಎಂದು ನಗುತ್ತಿದ್ದಳಂತೆ. ಬರಬರುತ್ತ ಅವಳೂ ನಂಬಿದಳು. ಅವಳ ಮಗಳು ನಾಗವೇಣಿಯನ್ನು ಆ ವರ್ಷ ಏಳು ತಿಂಗಳ ಬಸುರಿಯಾಗಿದ್ದಾಗ ಎಳೆದುಕೊಂಡು ಹೋಗಿದ್ದರು. ಶವ ಸಿಕ್ಕಿರಲಿಲ್ಲ. ಮಗು ಎಲ್ಲಾದರೂ ಹುಟ್ಟಿರಬಹುದೆಂಬ ಆಸೆಯನ್ನು ಅವಳು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆದರೆ ಬಂದ ಪ್ರತಿ ಹುಡುಗಿಯ ವಯಸ್ಸು ಕೇಳುತ್ತಿದ್ದಳು.

ಸಂಜೆ ಅಂಗಳದಲ್ಲಿ ಕೂತೆ. ಕಣ್ಣಿಗೆ ಬಟ್ಟೆ ಕಟ್ಟುವ ಮೊದಲು ಭರಣಿ ನೋಡಿದ್ದೆ. ಬಾಯಿಗೆ ಬಿಗಿದ ಬಟ್ಟೆಯ ಮೇಲೆ ಬಲೆಯ ದಾರದಲ್ಲಿ ಹಾಕಿದ ಗಂಟು, ಹೆಣೆದ ಜಡೆಯ ಹಾಗೆ. ಒಂದೊಂದು ಮನೆಗೆ ಒಂದೊಂದು ಗಂಟು, ತಾಯಿ ಮಗಳಿಗೆ ಮಾತ್ರ ಕಲಿಸುತ್ತಾಳೆ ಎಂದಳು ಅಜ್ಜಿ. ಬೇರೆ ಮನೆಯವರ ಕೈಗೆ ಬಿಚ್ಚಿಕೊಳ್ಳುವುದಿಲ್ಲ. ಅವಳ ಬೆರಳುಗಳು ಎರಡು ಸಲ ಅಲುಗಿದವು, ಗಂಟು ಹೋಯಿತು.

ಬಂತು. ಅದಕ್ಕೆ ನನ್ನಲ್ಲಿ ಬಣ್ಣವೇ ಇರಲಿಲ್ಲ. ಕೊಳೆತದ್ದು, ಹುಳಿ, ಉಪ್ಪು, ಅದರಡಿಯಲ್ಲಿ ಎಲ್ಲೋ ಸಿಹಿ. ಓಡಿಹೋಗಬೇಕೆನಿಸುವ ಹಾಗಿತ್ತು. ಆದರೆ ಬಾಯಿ ನನ್ನ ಮಾತು ಕೇಳಲಿಲ್ಲ. ದವಡೆಯ ಮೂಲೆಗಳಿಂದ ನೀರು ನುಗ್ಗಿತು, ತುಟಿಯ ಅಂಚಿನವರೆಗೆ. ತಡೆಯಲಾರದೆ ನುಂಗಿದೆ.

ಬಟ್ಟೆ ಬಿಚ್ಚಿಕೊಂಡಾಗ ಹೊನ್ನಜ್ಜಿ ನನ್ನ ಮುಖದ ಹತ್ತಿರ ಮುಖ ತಂದಿದ್ದಳು.

"ಹೊಟ್ಟೇಲಿದ್ದದ್ದು ಹೆಣ್ಣೇ ಅಂತ ನಂಗೆ ಗೊತ್ತಿತ್ತು," ಎಂದಳು. "ಕನಕಿ ಅಂತ ಹೆಸರಿಟ್ಟಿದ್ದೆ. ಅವಳಿಗೂ ಹೇಳಿರಲಿಲ್ಲ, ದೃಷ್ಟಿಯಾಗ್ತದೆ ಅಂತ."

"ಅಜ್ಜಿ, ನನಗೆ ಅಮ್ಮ ಇದಾಳೆ."

"ಸಾಕಿದವಳು ಇರ್ತಾಳೆ. ಬೇಡ ಅಂದೆನಾ?" ಕೈ ಹಿಡಿದುಕೊಂಡಳು. ಅವಳ ಕೈಗೂ ಭರಣಿಯದೇ ವಾಸನೆ. ನನಗೆ ಮತ್ತೆ ಬಾಯಲ್ಲಿ ನೀರು. "ಶಮನಿ ನಿಲ್ಲಿಸ್ತಾರಂತಲ್ಲ, ಅವತ್ತು ಬಾ. ಹೆಸರು ಕರೀತೀನಿ. ಗಂಟೂ ಕಲಿಸ್ತೀನಿ."

ವಸು ಎರಡು ಕೊಡ ಹೊತ್ತು ಮೆಟ್ಟಿಲು ಹತ್ತುತ್ತಿದ್ದ. ನಿಂತು ನನ್ನನ್ನು ನೋಡಿದ. ಆ ನೋಟದಲ್ಲಿ ಮತ್ಸರ ಇದ್ದಿದ್ದರೆ ಸಹಿಸುತ್ತಿದ್ದೆ. ಅವನು ಪಕ್ಕಕ್ಕೆ ಸರಿದು ನನಗೆ ದಾರಿ ಬಿಟ್ಟ, ಮನೆಯ ಯಜಮಾನಿಗೆ ಬಿಡುವ ಹಾಗೆ.

*

ಊರಿಗೆ ಮರಳಿದ ಮೇಲೆ ಕೆಲವು ದಿನ ಮೈಯೆಲ್ಲ ಹಗುರ. ನಾನು ಕೊಂದವರ ಕಡೆಯವಳಲ್ಲ. ಇಪ್ಪತ್ತೊಂದು ವರ್ಷ ಅದೊಂದು ಅನುಮಾನವನ್ನು ಹೊತ್ತಿದ್ದೆನೆಂದು ಇಳಿಸಿದಾಗಲೇ ತಿಳಿದದ್ದು. ಕನಕಿ ಎಂದು ಕನ್ನಡಿಯ ಮುಂದೆ ಮೆಲ್ಲಗೆ ಕರೆದುಕೊಂಡೆ.

ಶಮನಿ ಅರ್ಧಕ್ಕೆ ಇಳಿಯಿತು. ಊರಿಗೆ ಮೊದಲು ಚರಂಡಿ ಬಂತು. ಜನ ಪೊರಕೆ ಹಿಡಿದು ಬೀದಿಗಿಳಿದರು. ಬಟ್ಟೆ ಅಂಗಡಿಯವರು ದೊಡ್ಡ ಕರ್ಚೀಫು ಮಾರಿದರು. ದಂಪತಿಗಳು ಬೇರೆ ಬೇರೆ ಕೋಣೆಯಲ್ಲಿ ಮಲಗಿದ್ದಾರೆಂದು ಸುದ್ದಿ. ನಗುವಿನ ಅಡಿಯಲ್ಲಿ ಬೇರೇನೋ ಇತ್ತು. ಸಂಜೆಯಾದರೆ ಎಲ್ಲರೂ ಅಡುಗೆಮನೆಯ ಕಿಟಕಿ ಮುಚ್ಚಿಕೊಳ್ಳುತ್ತಿದ್ದರು.

ಅಂಥ ಒಂದು ಬೆಳಿಗ್ಗೆ, ಪರದೆಯ ಮೇಲೆ ಗಾಳಿಯ ಬಾಣಗಳನ್ನು ನೋಡುತ್ತ ಕೂತಿದ್ದಾಗ ರುಕ್ಮಾಂಗದ ಸರ್‌ಗೆ ಕೋಡಿಯ ಕಥೆ ಹೇಳಿದೆ. ಹೆಮ್ಮೆಯಿಂದಲೇ. ಅವರು ಚಹಾ ಕೆಳಗಿಟ್ಟರು.

"ಯಾರು ಕಲಿಸಿದ್ರಮ್ಮ ನಿಮಗೆ ಇದನ್ನ? ಮೂಗಿಗೆ ಜಾತಿ ಕುಲ ಏನೂ ಗೊತ್ತಿಲ್ಲ."

"ಮತ್ತೆ ನನಗೆ ಬಾಯಲ್ಲಿ ನೀರು ಯಾಕೆ ಬಂತು? ಹುಟ್ಟಿದ ಮೇಲೆ ಅದನ್ನ ನಾನು ತಿಂದೇ ಇಲ್ಲ."

"ಹುಟ್ಟಿದ ಮೇಲೆ ತಿಂದಿಲ್ಲ." ಆ ಮಾತನ್ನೇ ತಿರುಗಿ ಹೇಳಿದರು. "ಬಸುರಿ ತಿಂದಿದ್ದರ ವಾಸನೆ ಗರ್ಭದ ನೀರಿಗೂ ಇಳಿಯುತ್ತೆ. ಕೂಸು ಆ ನೀರನ್ನೇ ಕುಡೀತಾ ಇರುತ್ತೆ. ಅಲ್ಲಿ ಹತ್ತಿದ ರುಚಿ ಹಾಗೇ ಉಳಿಯುತ್ತೆ. ನಾವು ಮೊಲಗಳ ಮೇಲೆ ಮಾಡಿ ನೋಡಿದ್ದೀವಿ."

"ಅಂದ್ರೆ ಅಮ್ಮ ತಿಂದಿದ್ದಾಳೆ. ಅಂದ್ರೆ ಅಮ್ಮನೇ ಆಗರದವಳು. ಅದೇ ಆಯ್ತಲ್ಲ ಸರ್."

"ಆಗಿರಬಹುದು." ಅವರು ನನ್ನನ್ನು ನೋಡಲಿಲ್ಲ. "ನೀನು ಹುಟ್ಟಿದ್ದು ಯಾವಾಗ?"

"ಆ ವರ್ಷದ ಕೊನೆಗೆ."

"ಆಗರದವರು ಆ ವರ್ಷ ಭರಣಿ ತೆರೆಯೋದನ್ನೇ ಬಿಟ್ಟಿದ್ರು ಅಂತ ಕೇಳಿದ್ದೆ. ಮನೆಯಿಂದ ವಾಸನೆ ಬರಬಾರದಲ್ಲ." ಚಹಾ ಎತ್ತಿಕೊಂಡರು, ಕುಡಿಯಲಿಲ್ಲ. "ನಂಗೇನು ಗೊತ್ತು, ನಾನು ಆಮೇಲೆ ಬಂದವನು. ಮೂರನೇ ಕಂಬ ನೋಡು, ಒತ್ತಡ ಇಳೀತಿದೆ."

ಮೂರನೆಯ ಕಂಬ ಸರಿಮಾಡಿದೆ. ಕೈ ತನ್ನ ಪಾಡಿಗೆ ಕೆಲಸ ಮಾಡಿತು.

*

ಮನೆಗೆ ಬಂದಾಗ ಅಮ್ಮ ಅಕ್ಕಿ ತೊಳೆಯುತ್ತಿದ್ದಳು. ಕಿಟಕಿ ಮುಚ್ಚಿತ್ತು.

"ಅಮ್ಮ, ನಾನು ಹೊಟ್ಟೇಲಿದ್ದಾಗ ನೀನು ಏನು ತಿಂದೆ?"

ಯಾವ ಕಡೆಯವಳು ಎಂದು ಕೇಳಿದ್ದರೆ ಎದ್ದು ಹೋಗುತ್ತಿದ್ದಳು. ಈ ಪ್ರಶ್ನೆಗೆ ಅವಳು ಬಾಗಿಲು ಹಾಕಿಟ್ಟಿರಲಿಲ್ಲ. ಕೈ ನೀರಿನಲ್ಲೇ ನಿಂತಿತು.

"ಕೋಡಿಗೆ ಹೋಗಿದ್ದೆ ಅಲ್ವಾ?" ಎಂದಳು. "ನಿನ್ನ ತಲೆಗೂದಲಲ್ಲಿ ಆ ವಾಸನೆ ಬಂತು. ಮೂಗು ಕಟ್ಟಿದ್ರೂ ಬಂತು."

"ಏನು ತಿಂದೆ?"

"ಸಿಕ್ಕಿದ್ದು ತಿಂದೆ." ಅಕ್ಕಿಯ ನೀರು ಬಸಿದಳು, ಹೊಸ ನೀರು ಹಾಕಿದಳು. "ರಸ್ತೆ ಕಡಿದಿದ್ರು. ಅಂಗಡಿ ಇರಲಿಲ್ಲ. ದಿಬ್ಬದಲ್ಲಿ ಏನು ಬೆಳೀತಿತ್ತು, ಹುಚ್ಚೆಳ್ಳು. ನಿಮ್ಮಪ್ಪ, ಅವನ ಜೊತೆಯವರು, ಕೆಳಗಿನ ಮನೆಗಳಿಂದ ಹೊತ್ತು ತರ್ತಿದ್ರು."

"ಯಾರ ಮನೆ?"

"ಖಾಲಿ ಮನೆಗಳು."

ಮುಂದೆ ನಾನು ಕೇಳಲಿಲ್ಲ. ಅವಳೇ ಹೇಳಿದಳು, ಬೇರೆ ಯಾರದೋ ವಿಷಯ ಹೇಳುವ ದನಿಯಲ್ಲಿ.

"ಅಕ್ಕಿ ಮೊದಲು ಮುಗೀತು. ಆಮೇಲೆ ಉಳಿದದ್ದು ಭರಣಿ. ಅವರು ತೆರೆಯೋಕೆ ಹೆದರಿ ಮಣ್ಣಲ್ಲಿ ಹೂತಿಟ್ಟಿದ್ದು. ಪೂರ್ತಿ ತುಂಬಿದ್ದವು. ನಮ್ಮೋರು ಯಾರೂ ಮುಟ್ಟಲಿಲ್ಲ, ಹೊಲಸು ಅಂತ. ನಂಗೆ ಹಸಿವು. ಒಳಗೆ ನೀನು ಒದೀತಿದ್ದೆ. ಮೊದಲ ದಿನ ಕಕ್ಕಿದೆ. ಆಮೇಲೆ ಕಕ್ಕಲಿಲ್ಲ." ಅವಳು ನನ್ನ ಕಡೆ ತಿರುಗಿದಳು. "ಆಮೇಲೆ ಅದೇ ಬೇಕಾಯ್ತು ಕಣೆ. ಬಯಕೆ. ಮಾವಿನಕಾಯಿ ಬೇಕು ಅಂತಾರಲ್ಲ, ಹಾಗೆ. ಇನ್ನೊಂದು ತಂದುಕೊಡಿ ಅಂತ ನಾನೇ ನಿಮ್ಮಪ್ಪನ್ನ ಕಳಿಸಿದೆ."

ಒಲೆಯ ಸೀಟಿ ಒಮ್ಮೆ ಸಣ್ಣಗೆ ಕೂಗಿ ನಿಂತಿತು.

"ಬಾಯಿಗೆ ಅದೇನೋ ಗಂಟು ಹಾಕಿರ್ತಿದ್ರು," ಎಂದಳು. "ಒಂದೊಂದು ಒಂದೊಂದು ಥರ. ಚಂದ ಇರ್ತಿತ್ತು. ನಂಗೆ ಬಿಚ್ಚೋಕೆ ಬರಲಿಲ್ಲ. ಕುಡುಗೋಲಲ್ಲಿ ಕೊಯ್ತಿದ್ದೆ."

"ಭರಣಿಗಳೆಲ್ಲ ಏನಾದ್ವು?"

"ತೊಳೆದೆ. ಎಷ್ಟು ತೊಳೆದ್ರೂ ಹೋಗಲಿಲ್ಲ. ಹೊಳೆಗೆ ಹಾಕಿದೆ." ಕೈ ಒರೆಸಿಕೊಂಡಳು. "ಶಮನಿ ಬಂದಾಗ ಊರಲ್ಲಿ ನನ್ನಷ್ಟು ಖುಷಿಪಟ್ಟವರು ಯಾರೂ ಇಲ್ಲ."

*

ಶಮನಿ ಪೂರ್ತಿ ನಿಂತ ದಿನ ಗಾಳಿಮನೆಯಲ್ಲಿ ಸಮಾರಂಭವೇನೂ ಇರಲಿಲ್ಲ. ರುಕ್ಮಾಂಗದ ಸರ್ ಪರದೆ ಆರಿಸಿ, ಕುರ್ಚಿಯನ್ನು ಮೇಜಿನೊಳಗೆ ತಳ್ಳಿ, ಬೀಗದ ಕೈಯನ್ನು ನನ್ನ ಕೈಗೆ ಕೊಟ್ಟರು. "ಯಾರಿಗೆ ಕೊಡ್ಬೇಕು ಅಂತ ಸಭೆ ಹೇಳಿಲ್ಲ. ನೀನೇ ಇಟ್ಕೋ," ಎಂದರು.

ನಾನೂ ವಸುವೂ ಮಧ್ಯಾಹ್ನದ ಲಾಂಚ್ ಹತ್ತಿದೆವು. ದಾರಿಯಲ್ಲಿ ಹೇಳಿಬಿಡಬೇಕೆಂದುಕೊಂಡೆ. ಅವನು ನನಗಾಗಿ ನಿಜವಾದ ಹೂವು ತಂದಿದ್ದ. ಎಲ್ಲಿ ಹುಡುಕಿದನೋ. "ಕನಕಿಗೆ," ಎಂದು ನಕ್ಕ. ಹೇಳದೆ ಇದ್ದರೆ ಯಾರಿಗೆ ನಷ್ಟ ಎಂದು ಹೊಳೆ ದಾಟುವ ತನಕ ಲೆಕ್ಕ ಹಾಕಿದೆ. ಅಜ್ಜಿಗೆ ಮೊಮ್ಮಗಳು ಸಿಗುತ್ತಾಳೆ. ಅಮ್ಮ ಯಾರಿಗೂ ಹೇಳುವುದಿಲ್ಲ. ನನ್ನ ಗಂಟಲು ಸುಳ್ಳೂ ಹೇಳಿಲ್ಲ. ಎಲ್ಲ ಸರಿಯಾಗಿತ್ತು, ಎದುರಿಗೆ ಕೂತವನ ಭುಜದ ಕಪ್ಪು ಗುರುತೊಂದನ್ನು ಬಿಟ್ಟು.

ಹೊನ್ನಜ್ಜಿ ಅಂಗಳ ಸಾರಿಸಿದ್ದಳು. ನೆರೆಯವರು ಆಮೇಲೆ ಬರುತ್ತಾರೆ, ಮೊದಲು ಮನೆಯವರದು ಆಗಲಿ ಎಂದಳು. ಚಾಪೆಯ ಮೇಲೆ ಭರಣಿ. ವಸು ಎಂದಿನಂತೆ ಕೊಡ ಎತ್ತಿಕೊಂಡು ಬಾವಿಗೆ ಹೋದ.

"ಬಿಚ್ಚು," ಎಂದಳು ಅಜ್ಜಿ. "ಎಡಗೈ ಹೆಬ್ಬೆಟ್ಟು ಇಲ್ಲಿಡು. ಬರ್ತದೆ. ನಾಗವೇಣಿಗೆ ಒಂದೇ ಸಲಕ್ಕೆ ಬಂದಿತ್ತು."

ದಾರ ಮುಟ್ಟಿದೆ. ಕೈ ತೆಗೆದೆ.

"ಅಜ್ಜಿ, ನಮ್ಮಮ್ಮನಿಗೆ ಇದು ಬರ್ತಿರಲಿಲ್ಲ. ಕುಡುಗೋಲಲ್ಲಿ ಕೊಯ್ತಿದ್ದಳಂತೆ."

ಅರ್ಥವಾಗಲಿಲ್ಲ ಅವಳಿಗೆ. ಎಲ್ಲ ಹೇಳಿದೆ. ಹಸಿವು, ಖಾಲಿ ಮನೆಗಳು, ಬಯಕೆ. ಅಪ್ಪನನ್ನು ಕಳಿಸಿದ್ದು. ಗರ್ಭದ ನೀರು. ಹೇಳುತ್ತ ಹೋದಂತೆ ನನ್ನ ದನಿ ಅಮ್ಮನ ದನಿಯೇ ಆಗಿತ್ತು. ಹೇಳಿ ಮುಗಿಸುವ ಹೊತ್ತಿಗೆ ವಸು ಮೆಟ್ಟಿಲ ಮೇಲೆ ನಿಂತಿದ್ದ. ಕೊಡದಿಂದ ನೀರು ತುಳುಕಿ ಅವನ ಅಂಗಿ ಒದ್ದೆಯಾಗುತ್ತಿತ್ತು.

ಹೊನ್ನಜ್ಜಿ ಭರಣಿಯನ್ನೇ ನೋಡುತ್ತಿದ್ದಳು. ನನ್ನನ್ನು ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ಒಳ್ಳೆಯದಿತ್ತು.

"ಉಪ್ಪು ಸರಿಯಾಗಿತ್ತಂತಾ?" ಎಂದಳು.

"ಅಜ್ಜಿ?"

"ಆ ವರ್ಷದ್ದನ್ನ ನಾವು ಹೆದರಿಕೊಂಡು ಬೇಗ ಬೇಗ ಹಾಕಿ ಹೂತಿದ್ದು. ಉಪ್ಪು ಕಮ್ಮಿ ಬಿತ್ತೋ ಏನೋ ಅಂತ ನಂಗೆ ಇವತ್ತಿಗೂ ಅನುಮಾನ. ನಾವ್ಯಾರೂ ರುಚಿ ನೋಡಲಿಲ್ಲವಲ್ಲ."

"ಗೊತ್ತಿಲ್ಲ ಅಜ್ಜಿ. ಕೇಳಲಿಲ್ಲ."

"ನಾಗವೇಣಿ ಅಳ್ತಿದ್ದಳು, ಒಂದು ತುಣುಕು ಕೊಡಮ್ಮ ಅಂತ. ಬಾಯಿ ವಾಸನೆ ಬರ್ತದೆ, ಸುಮ್ನಿರು ಅಂದೆ. ಗಂಜಿ ಕುಡಿಸಿದೆ. ಆರು ತಿಂಗಳು ಬರೀ ಗಂಜಿ." ಅಲ್ಲಿಗೆ ನಿಲ್ಲಿಸಿದಳು. ನಿಧಾನವಾಗಿ ತಲೆ ತಿರುಗಿಸಿ ಮೆಟ್ಟಿಲ ಕಡೆ ನೋಡಿದಳು. "ನೀನು ಕಕ್ಕಿದೆಯಲ್ಲೋ."

"ಹೌದಜ್ಜಿ," ಎಂದ ವಸು.

"ದೋಣಿಯಲ್ಲಿ ಸಿಕ್ಕಿದ್ದೆ ಅಂದ್ಯಲ್ಲ."

"ಹೌದು. ಮಕ್ಕಳಮನೆಯಲ್ಲಿ ಹಾಗಂತಾರೆ."

ಯಾರನ್ನೋ ಹುಡುಕುವವಳ ಹಾಗೆ ಅವನ ಮುಖವನ್ನು ನೋಡಿದಳು. ಗಂಜಿ ಕುಡಿದ ಬಸುರಿಯ ಕೂಸೂ ಕಕ್ಕೀತು. ಆದರೆ ಕಕ್ಕಿದವರೆಲ್ಲ ಈ ಕಡೆಯವರೂ ಅಲ್ಲ. ಕೋಡಿಯ ಎಷ್ಟು ಅಂಗಳಗಳಲ್ಲಿ ಎಷ್ಟು ಮಕ್ಕಳು ಕಕ್ಕಿ ಹೋಗಿದ್ದರು.

"ಕೊಡ ಕೆಳಗಿಡು," ಎಂದಳು ಕೊನೆಗೆ.

ವಸು ಇಟ್ಟ. ಖಾಲಿ ಭುಜವನ್ನು ಮುಟ್ಟಿ ನೋಡಿಕೊಂಡ. ಅಲ್ಲೇ ನಿಂತ, ಹೋಗಲೂ ತಿಳಿಯದೆ, ಕೂರಲೂ ತಿಳಿಯದೆ. ಆಮೇಲೆ ಮೆಲ್ಲಗೆ, "ಕೆಳಗೆ ಇನ್ನೊಂದು ತುಂಬಿಸಿಟ್ಟಿದೀನಿ ಅಜ್ಜಿ. ತಂದುಬಿಡ್ತೀನಿ," ಎಂದು ಇಳಿದು ಹೋದ.

ಹೊನ್ನಜ್ಜಿ ನನ್ನ ಕಡೆ ತಿರುಗಿದಳು. ಮುಖದಲ್ಲಿ ಏನೂ ಇರಲಿಲ್ಲ, ದಣಿವಿನ ಹೊರತು.

"ಆ ಹೆಸರು ಕೊಡಲ್ಲ."

"ಬೇಡ ಅಜ್ಜಿ."

"ನಿಮ್ಮಮ್ಮನ್ನ ಇಲ್ಲಿಗೆ ಕರ್ಕೊಂಡು ಬರಬೇಡ. ನಾನು ಸಾಯೋವರೆಗೆ."

"ಇಲ್ಲ."

ನಾನು ಏಳಲು ಹೊರಟೆ. ಅವಳು ಭರಣಿಯನ್ನು ಚಾಪೆಯ ಮೇಲೆ ನನ್ನ ಕಡೆಗೆ ತಳ್ಳಿದಳು.

"ಹೆಬ್ಬೆಟ್ಟು ಅಲ್ಲಲ್ಲ, ಇಲ್ಲಿ," ಎಂದಳು. "ನನ್ನ ಕೈ ನೋಡು. ಕೊಯ್ಯೋಕೆ ಯಾರಿಗೆ ಬರಲ್ಲ?"

ಅವಳ ಬೆರಳಿನ ಪಕ್ಕ ನನ್ನ ಬೆರಳಿಟ್ಟು ಎಳೆದೆ. ಜಾರಿತು. ಮತ್ತೆ ಎಳೆದೆ. ಅವಳು ಗದರಿದಳು, ಬಿಚ್ಚಿ ತೋರಿಸಿದಳು, ಪುನಃ ಕಟ್ಟಿದಳು. ಕೆಳಗೆ ಬಾವಿಯ ರಾಟೆ ಕಿರುಗುಟ್ಟುತ್ತಿತ್ತು. ಬಟ್ಟೆ ಒಂದಿಷ್ಟು ಸಡಿಲವಾದಾಗಲೆಲ್ಲ ವಾಸನೆ ಮೇಲೇಳುತ್ತಿತ್ತು. ಅವಳ ಕಣ್ಣು ನನ್ನ ಕೈಯನ್ನು ಬಿಟ್ಟು ಗಂಟಲಿಗೆ ಬಂತು.

ಬಾಯಿ ತುಂಬ ನೀರು. ಅವಳು ನೋಡುತ್ತಿದ್ದಳು. ನುಂಗಿದೆ.